ಸುರಂಗದಲ್ಲಿ ದೀಪಗಳಿದ್ದವು

ಹಡಗಿನಿಂದ ಸೈಕಲ್ಲುಗಳನ್ನು ಇಳಿಸಿಕೊಂಡು ಪರದೇಶದ ನೆಲ ಮೆಟ್ಟಿದ ದಿನದಿಂದಲೂ ಆ ಸಂಸಾರದಲ್ಲಿ ಒಂದು ಕಟ್ಟಳೆಯಿತ್ತು. ಮಧ್ಯಾಹ್ನ ಮೂರೂವರೆ ಆಯಿತೆಂದರೆ ಎಲ್ಲಿದ್ದರೂ ಸರಿ, ಹತ್ತಿರದ ಬಿಡಾರದ ಬಯಲು ಹುಡುಕಿ ಡೇರೆ ಹೊಡೆದುಬಿಡಬೇಕು. ಬೇಸಿಗೆಯ ದಿನಗಳು. ಹೊತ್ತು ಮುಳುಗಲು ಆಗ ಇನ್ನೂ ನಾಲ್ಕು ಗಂಟೆ ಬಾಕಿ ಇರುತ್ತಿತ್ತು. ಉಳಿದ ಸವಾರರು ಗಂಟೆ ಬಾರಿಸುತ್ತ ಇವರನ್ನು ದಾಟಿ ಮುಂದಿನ ಊರಿಗೆ ಹೋಗುವಾಗ ಇವರು ನಾಲ್ವರೂ ಹುಲ್ಲಿನ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು.

"ನಮ್ಮಪ್ಪ ಕೋಳಿ ಇದ್ದ ಹಾಗೆ," ಎಂದು ಹನ್ನೆರಡು ವರ್ಷದ ದೊಡ್ಡ ಮಗಳು ಹಾಸ್ಯ ಮಾಡುತ್ತಿದ್ದಳು. "ಕತ್ತಲಾಗೋಕೆ ಮುಂಚೆ ಗೂಡು ಸೇರ್ಬೇಕು. ಇನ್ನೊಂದು ಸ್ವಲ್ಪ ದಿನ ಹೋದ್ರೆ ಮೊಟ್ಟೇನೂ ಇಡುತ್ತೆ."

ಅವಳಿಗೆ ಕಾರಣ ಗೊತ್ತಿರಲಿಲ್ಲ. ಅವಳ ತಂಗಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಂಡ ಹೆಂಡಿರಿಬ್ಬರಿಗೇ.

ಅವನು ತಮ್ಮ ಹಳ್ಳಿಯ ಹಾಲಿನ ಡೇರಿಯ ಲಾರಿಯನ್ನು ಹದಿನಾಲ್ಕು ವರ್ಷ ಓಡಿಸಿದವನು. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ಟು, ಹನ್ನೊಂದು ಹಳ್ಳಿ ಸುತ್ತಿ, ಕ್ಯಾನು ತುಂಬಿಸಿಕೊಂಡು ಬಿಸಿಲೇರುವ ಹೊತ್ತಿಗೆ ವಾಪಸ್ಸು. ಆ ರಸ್ತೆಯಲ್ಲಿ ತಾನು ಕಣ್ಣಿನಿಂದಲ್ಲ, ಬಾಯಿಪಾಠದಿಂದ ಲಾರಿ ಓಡಿಸುತ್ತಿದ್ದೆ ಎನ್ನುವುದು ಅವನಿಗೇ ಅರಿವಾದದ್ದು ಬಹಳ ತಡವಾಗಿ. ಒಂದು ಮೋರಿಯನ್ನು ಅಗಲ ಮಾಡುವವರು ಅದರ ಕಲ್ಲನ್ನು ಎರಡು ಮೊಳ ಈಚೆ ನೆಟ್ಟಿದ್ದರು. ಪಾಠದಲ್ಲಿ ಆ ಕಲ್ಲು ಇರಲಿಲ್ಲ. ಲಾರಿ ಹೋಗಿ ಅದಕ್ಕೇ ಬಡಿಯಿತು. ಹಾಲೆಲ್ಲ ಗದ್ದೆಗೆ ಹರಿಯಿತು. ಕಣ್ಣಿನ ಡಾಕ್ಟರು ಒಂದು ವಾರ ಏನೇನೋ ಯಂತ್ರಗಳ ಮುಂದೆ ಅವನ ಗದ್ದ ಇಡಿಸಿ ಕಡೆಗೆ ಹೇಳಿದರು: ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಂಚುಗಳು ಹೋಗುತ್ತವೆ, ಕೊಳವೆಯಲ್ಲಿ ನೋಡಿದ ಹಾಗೆ ಆಗುತ್ತದೆ, ಆಮೇಲೆ ಕೊಳವೆಯೂ ಸಣ್ಣದಾಗುತ್ತ ಹೋಗುತ್ತದೆ. ಮದ್ದಿಲ್ಲ. ವಂಶದಿಂದ ಬರುವಂಥದ್ದು. ಮಕ್ಕಳಿಗೆ ಬರಲೂಬಹುದು, ಬಾರದೆಯೂ ಇರಬಹುದು. ಒಂದು ಸಲ ಕರೆದುಕೊಂಡು ಬನ್ನಿ, ನೋಡೋಣ.

ಅವನು ಕರೆದುಕೊಂಡು ಹೋಗಲಿಲ್ಲ. ಹೆಂಡತಿಯೂ ಒತ್ತಾಯಿಸಲಿಲ್ಲ. ಡೇರಿಯವರು ಅವನನ್ನು ಲಾರಿಯಿಂದ ಇಳಿಸಿ ಹಾಲು ಪರೀಕ್ಷಿಸುವ ಮೇಜಿಗೆ ಹಾಕಿದರು. ಹಗಲಿನಂಥ ಬೆಳಕಿರುವ ಕೋಣೆ, ಗಾಜಿನ ನಳಿಗೆಗಳು, ಕೂತ ಕಡೆಯೇ ಕೆಲಸ. ಜನ ಈಗಲೂ ಅವನನ್ನು ಲಾರಿಯಣ್ಣ ಎಂದೇ ಕರೆಯುತ್ತಿದ್ದರು.

ತನ್ನ ತಾಯಿ ಸಂಜೆ ದೀಪ ಹಚ್ಚಿದ ಮೇಲೆ ಹೊಸಿಲು ದಾಟದೆ ಕೂತಿರುತ್ತಿದ್ದದ್ದು ಅವನಿಗೆ ಆ ದಿನಗಳಲ್ಲಿ ಪದೇ ಪದೇ ನೆನಪಾಗುತ್ತಿತ್ತು. ಗಾಳಿಗೆ ಹೆದರುವವಳು ಎಂದು ಓರಗಿತ್ತಿಯರು ಆಡಿಕೊಳ್ಳುತ್ತಿದ್ದರು. ಸಾಯುವವರೆಗೂ ಅವಳು, ಹೌದು, ನಂಗೆ ಭಯ ಅಂತಲೇ ಹೇಳಿದಳು. ಪಾಪ, ಅವಳಿಗಾದರೂ ಬೇರೆ ಏನು ಗೊತ್ತಿತ್ತು.

ದೊಡ್ಡವಳ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ. ಕರೆಂಟು ಹೋದಾಗ ಮಂಚದ ಕೆಳಗೆ ಉರುಳಿದ ಅಂಗಿಯ ಗುಂಡಿಯನ್ನು ತೆವಳಿ ಹೋಗಿ ತರುವ ಹುಡುಗಿ ಅದು, ಬೆಕ್ಕಿನ ಕಣ್ಣು. ಎಂಟು ವರ್ಷದ ಚಿಕ್ಕವಳದೇ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅವಳು ಸಂಜೆ ಹೊತ್ತು ಅಂಗಳಕ್ಕಿಳಿಯುತ್ತಿರಲಿಲ್ಲ. ಬಾಗಿಲ ಪಟ್ಟಿ ಸವರಿಕೊಂಡು ಓಡಾಡುತ್ತಿದ್ದಳು. ಹೆಂಡತಿಯೇ ಅವಳಿಗೆ ಪುಕ್ಕಲಿ ಎಂದು ಹೆಸರಿಟ್ಟಿದ್ದಳು, ಅದು ಮನೆಮಂದಿಗೆಲ್ಲ ಬಾಯಿಗೆ ಹತ್ತಿತ್ತು. ಪುಕ್ಕಲು ತಾನೇ, ದೊಡ್ಡವಳಾಗುತ್ತಾ ಬಿಟ್ಟುಹೋಗುತ್ತದೆ ಎಂದು ಅವನು ಆ ಹೆಸರನ್ನು ತಾಯಿತದ ಹಾಗೆ ಹಿಡಿದುಕೊಂಡಿದ್ದ.

ಈ ಪ್ರವಾಸ ಹೊರಡಿಸಿದ್ದೂ ಅವನೇ. ಇನ್ನೆರಡು ವರ್ಷ ಹೋದರೆ ಹಗಲಲ್ಲೂ ಸೈಕಲ್ಲು ಹತ್ತುವ ಹಾಗಿರುವುದಿಲ್ಲ. ಅಷ್ಟರೊಳಗೆ ಮಕ್ಕಳ ಬೆನ್ನನ್ನು ನೋಡಿಕೊಂಡು ಒಂದು ಹತ್ತು ದಿನ ತುಳಿಯಬೇಕು ಎನ್ನಿಸಿತ್ತು. ಹೆಂಡತಿ ದರ್ಜಿ ಕೆಲಸದವಳು. ಟಾರ್ಪಾಲಿನ್ ಕತ್ತರಿಸಿ ಎಂಟು ಚೀಲ ಹೊಲಿದಳು, ಅಂಚಿಗೆ ಎರಡೆರಡು ಹೊಲಿಗೆ ಹಾಕಿ. ಹಳೆಯ ರೈಲು ಕಂಬಿ ಕಿತ್ತು ಸೈಕಲ್ಲಿಗೆಂದೇ ಮಾಡಿದ ಒಂದು ದಾರಿ ಆ ದೇಶದಲ್ಲಿದೆ ಎಂದು ಯಾರೋ ಹೇಳಿದ್ದರು. ಏರಿಲ್ಲ, ಇಳಿಜಾರಿಲ್ಲ, ಮೋಟಾರಿನ ಕಾಟವಿಲ್ಲ. ಅವನು ನಕ್ಷೆ ತರಿಸಿ, ತಿಂಗಳುಗಟ್ಟಲೆ ಮೇಜಿನ ಮೇಲೆ ಹರಡಿ ನೋಡಿದ. ನಾಲ್ಕನೇ ದಿನದ ದಾರಿಯಲ್ಲಿ ಒಂದು ಸುರಂಗವಿತ್ತು. ಅದರ ಪಕ್ಕದಲ್ಲಿ ಗುಡ್ಡದ ಮೇಲೆ ಹಾದು ಬರುವ ಡಾಂಬರು ರಸ್ತೆಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದ.

ದಾರಿಯಲ್ಲಿ ಅವರಿಗೊಂದು ಆಟವಿತ್ತು, ಹೆಂಡತಿ ಕಲಿಸಿದ್ದು. ದೊಡ್ಡವಳು ಯಾವಾಗಲೂ ಮುಂದೆ. ಅವಳ ಹಿಂದೆ ಚಿಕ್ಕವಳು, ಆಮೇಲೆ ಹೆಂಡತಿ, ಎಲ್ಲರ ಕೊನೆಗೆ ಅವನು. ಮುಂದಿದ್ದವಳು ರೇಡಿಯೊ. ಕಂಡದ್ದನ್ನೆಲ್ಲ ಕೂಗಿ ಹೇಳುತ್ತ ಹೋಗಬೇಕು.

"ಎಡಗಡೆ ಗುಂಡಿ! ಕೊಂಬೆ ಬಗ್ಗಿದೆ, ತಲೆ ತಗ್ಗ್ಸಿ! ಎದುರಿಗೆ ಒಬ್ಬ ಅಜ್ಜ, ಅಜ್ಜನ ಹಿಂದೆ ನಾಯಿ, ನಾಯಿಗೆ ಸ್ವೆಟರ್! ಈಗ ವಾರ್ತೆಗಳು ಮುಗಿದವು!"

ಚಿಕ್ಕವಳು ಅಕ್ಕ ಹೇಳಿದ ಹಾಗೆಲ್ಲ ಹ್ಯಾಂಡಲು ತಿರುಗಿಸುತ್ತ, ನಗುತ್ತ ಹೋಗುತ್ತಿದ್ದಳು. ಒಂದು ದಿನವೂ ತಪ್ಪಲಿಲ್ಲ. ಹೆಂಡತಿ ತನಗೋಸ್ಕರ ಈ ಉಪಾಯ ಹೂಡಿದ್ದಾಳೆ ಎಂದು ಅವನು ತಿಳಿದಿದ್ದ. ಹೆಂಗಸಿನ ಮನಸ್ಸು ದೊಡ್ಡದು ಎಂದುಕೊಳ್ಳುತ್ತ, ಅವಳ ಚೀಲದ ಬಿಳಿ ಹೊಲಿಗೆಯನ್ನೇ ತನ್ನ ಕೊಳವೆಯ ನಡುವೆ ಇಟ್ಟುಕೊಂಡು ತುಳಿಯುತ್ತಿದ್ದ. ಮೂರು ದಿನ ಹೀಗೆ ಸುಖವಾಗಿ ಕಳೆದವು. ಮೂರನೆಯ ದಿನ ತೊರೆಯಲ್ಲಿ ಕಾಲಿಟ್ಟುಕೊಂಡು ಬ್ರೆಡ್ಡು ತಿನ್ನುವಾಗ ಚಿಕ್ಕವಳು ನೀರಿನೊಳಗಿಂದ ಉಗುರಿನಷ್ಟು ಚಿಕ್ಕ ಕಲ್ಲುಗಳನ್ನು ಆರಿಸಿ ಆರಿಸಿ ಅವನ ಅಂಗೈಗೆ ಹಾಕಿದಳು. ಇಷ್ಟು ಸಣ್ಣದು ಕಾಣುತ್ತದಲ್ಲ, ಏನೂ ಆಗಿಲ್ಲ, ಆಗಿಲ್ಲ ಎಂದು ಅವನು ಒಳಗೇ ಹೇಳಿಕೊಂಡ.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಗುಡ್ಡದ ಬುಡಕ್ಕೆ ಬಂದರು. ಕೆಂಪು ಪೆನ್ಸಿಲಿನ ರಸ್ತೆಗೆ ಅಡ್ಡಲಾಗಿ ಹಲಗೆ ನಿಲ್ಲಿಸಿದ್ದರು. ಅದರಾಚೆ ರಸ್ತೆಯನ್ನು ಆಳುದ್ದ ಅಗೆದು ಹಾಕಿತ್ತು, ಗುಂಡಿಯಲ್ಲಿ ಕೊಳಾಯಿ ಮಲಗಿತ್ತು. ಹೆಲ್ಮೆಟ್ ಹಾಕಿದ ಒಬ್ಬ ಕೆಲಸಗಾರ ಬಂದು ಅವರಿಗೆ ತಿಳಿಯದ ಭಾಷೆಯಲ್ಲಿ ಏನೋ ಹೇಳಿದ. ಸುರಂಗದ ಕಡೆ ಕೈ ತೋರಿಸಿದ. ಮುಷ್ಟಿಯನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ಮಾಡಿದ. ನಕ್ಕ.

"ದೀಪ ಇದೆಯಂತೆ," ಎಂದಳು ಹೆಂಡತಿ.

"ಅವನು ಅಂದಿದ್ದು ನಿಂಗೆ ಹೇಗೆ ಅರ್ಥ ಆಯ್ತು?"

"ಮತ್ತೆ ಮುಷ್ಟಿ ಬಿಚ್ಚಿ ತೋರಿಸಿದ್ನಲ್ಲ, ಕೋಳಿಮರಿ ಬೇಕಾ ಅಂತ ಕೇಳಿದ್ನಾ? ದೀಪಾನೇ ರೀ."

"ವಾಪಸ್ ಹೋಗೋಣ. ನಿನ್ನೆ ಇದ್ದ ಬಯಲಿಗೇ."

"ಒಂದು ಸುರಂಗಕ್ಕೆ ಹೆದರಿ ಒಂದು ದಿನದ ದಾರಿ ವಾಪಸ್ ಹೋಗೋದಾ? ಮಕ್ಕಳಿಗೆ ಏನಂತ ಹೇಳ್ತೀರಿ? ಇಳಿದು ತಳ್ಕೊಂಡು ಹೋಗೋಣ. ಗೋಡೆ ಹಿಡ್ಕೊಳ್ಳಿ. ನಾನು ಮುಂದೇನೇ ಇರ್ತೀನಲ್ಲ."

ಹಾಗೆ ಹೇಳುವಾಗ ಅವಳು ಅವನ ಮುಖ ನೋಡದೆ ಚಿಕ್ಕವಳನ್ನು ನೋಡುತ್ತಿದ್ದಳು. ಅದನ್ನು ಅವನು ಗಮನಿಸಿದ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಸುರಂಗದ ಬಾಯಲ್ಲಿ ತಣ್ಣನೆಯ ಗಾಳಿ ಹೊಟ್ಟೆಗೆ ಬಡಿಯಿತು. ಹತ್ತು ಮಾರು ಹೋಗುವಷ್ಟರಲ್ಲಿ ಅವನ ಪಾಲಿಗೆ ಲೋಕ ಮುಗಿಯಿತು. ಎಡಗೈ ಒದ್ದೆ ಕಲ್ಲಿನ ಮೇಲೆ, ಬಲಗೈ ಹ್ಯಾಂಡಲಿನ ಮೇಲೆ. ಮೇಲೆ ದೂರ ದೂರಕ್ಕೊಂದು ಹಳದಿ ಚುಕ್ಕೆ ಬರುತ್ತಿತ್ತು, ಹೋಗುತ್ತಿತ್ತು. ಮುಂದಿನಿಂದ ದೊಡ್ಡವಳ ದನಿ ದುಂಡಗಾಗಿ, ಒಂದಕ್ಕೆ ಮೂರಾಗಿ ಉರುಳಿ ಬರುತ್ತಿತ್ತು.

"ನೀರು ತೊಟ್ಟಿಕ್ತಾ ಇದೆ! ಬಲಕ್ಕೆ ಚರಂಡಿ ಇದೆ, ಎಡಕ್ಕೇ ಬನ್ನಿ! ಎಡಕ್ಕೇ... ಕ್ಕೇ... ಕ್ಕೇ..."

ತನ್ನ ದನಿ ಹೀಗೆ ಒಡೆದು ವಾಪಸ್ಸು ಬರುವುದು ಅವಳಿಗೆ ಮೋಜೆನಿಸಿರಬೇಕು. ಒಂದೆರಡು ಸಲ ಕೂ ಎಂದಳು. ಆಮೇಲೆ ಅದು ಪೂರ್ತಿ ಅಡಗುವುದನ್ನು ಕೇಳಿಸಿಕೊಳ್ಳಲು ಸುಮ್ಮನಾದಳು. ಸೈಕಲ್ಲುಗಳ ಚೈನಿನ ಸದ್ದು, ಹನಿಯ ಸದ್ದು, ಅಷ್ಟೆ. ಹತ್ತು ಹೆಜ್ಜೆ ಇರಬಹುದು, ಹದಿನೈದು ಇರಬಹುದು.

ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು ಸುರಂಗದುದ್ದಕ್ಕೂ ಹೋಗಿ ತಿರುಗಿ ಬಂತು.

"ಪುಟ್ಟೀ!" ಎಂದು ಹೆಂಡತಿ ಕೂಗಿದಳು. ಅವನು ತನ್ನ ಸೈಕಲ್ಲನ್ನು ಕೈಬಿಟ್ಟು ಸದ್ದಿನ ಕಡೆಗೆ ನಡೆದ. ಹೆಂಡತಿಯ ಬೆನ್ನಿಗೆ ಬಡಿದ. ಕೆಳಗೆಲ್ಲೋ ನೀರು ಕಲಕಿತು.

"ಏನಿಲ್ಲಮ್ಮ, ಚರಂಡಿಲಿ ಇದೀನಿ," ಎಂದಳು ಚಿಕ್ಕವಳು. ಅಳು ಇರಲಿಲ್ಲ. "ಮಂಡಿ ಉರೀತಿದೆ."

"ಚರಂಡಿ ಇದೆ ಅಂತ ಬಡ್ಕೊಂಡ್ನಲ್ಲೇ!" ಎಂದು ದೊಡ್ಡವಳು ಓಡಿ ಬಂದಳು. "ನೋಡ್ಕೊಂಡು ಬರೋಕೆ ಆಗಲ್ವಾ?"

"ನೀನು ನಿಲ್ಲಿಸ್ಬಿಟ್ಟೆ. ಎಡ ಎಲ್ಲಿಗೆ ಮುಗೀತು ಅಂತ ನಂಗೇನು ಗೊತ್ತು?"

"ಕಣ್ಣಿಲ್ವಾ ನಿಂಗೆ? ಇಲ್ಲೇ ತಲೆ ಮೇಲೇ ದೀಪ ಇದೆ."

"ದೀಪ ಕಾಣುತ್ತೆ," ಎಂದಳು ಚಿಕ್ಕವಳು. "ಆದ್ರೆ ಅದು ನೆಲಕ್ಕೆ ಬೀಳ್ತಾನೇ ಇಲ್ಲ."

ಅವನು ಗೋಡೆಗೆ ಒರಗಿದ. ಒಂದೂವರೆ ವರ್ಷದ ಹಿಂದೆ ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತು ಇದೇ ಮಾತನ್ನು ಅವನೇ ಹೇಳಿದ್ದ. ಲಾರಿಯ ದೀಪ ಉರಿಯೋದು ಕಾಣುತ್ತೆ ಸಾರ್, ಅದು ರಸ್ತೆಗೆ ಬೀಳೋದು ಕಾಣಲ್ಲ. ಬೇರೆ ಯಾರೂ ಹೀಗೆ ಹೇಳುವುದಿಲ್ಲ. ಹೇಳಬೇಕಾದರೆ ಹಾಗೆ ಕಂಡಿರಬೇಕು.

"ಹೆದರಿಕೆ ಆಯ್ತಾ ಮಗಾ?" ಎಂದು ಕೇಳಿದ. ಆಯಿತು ಎನ್ನಲಿ ಎಂದು ಅವನ ಜೀವ ಬಾಯಿಗೆ ಬಂದಿತ್ತು. ಒಂದು ಸಲ ಆಯಿತು ಅಂದುಬಿಡಲಿ.

"ಇಲ್ಲಪ್ಪ. ನಂಗೆ ಹೆದರಿಕೇನೇ ಆಗಲ್ಲ. ನೀವೆಲ್ಲ ಪುಕ್ಕಲಿ ಪುಕ್ಕಲಿ ಅಂತೀರ, ಅಂದ್ಕೊಳ್ಳಿ ಅಂತ ಸುಮ್ನಿರ್ತೀನಿ."

ಹೆಂಡತಿ ಮಗುವನ್ನು ಎತ್ತಿಕೊಂಡಳು. ಎಂಟು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಆಚೆಯ ಬೆಳಕಿನವರೆಗೂ ನಡೆದಳು. ದೊಡ್ಡವಳು ಒಂದೊಂದಾಗಿ ಮೂರು ಸೈಕಲ್ಲುಗಳನ್ನು ಸಾಗಿಸಿದಳು. ಅವನು ತನ್ನದನ್ನು ತಡಕಿ ಎತ್ತಿಕೊಂಡು ಗೋಡೆ ಸವರುತ್ತ ಎಲ್ಲರಿಗಿಂತ ಕೊನೆಗೆ ಹೊರಗೆ ಬಂದ.

ಅಂದು ಎರಡು ಗಂಟೆಗೇ ಡೇರೆ ಹೊಡೆದರು. ಕೆರೆಯಂಥದೊಂದು ನೀರಿನ ಪಕ್ಕದ ಬಯಲು. ಸಾಲಾಗಿ ನಲ್ಲಿಗಳು, ಪಾತ್ರೆ ತೊಳೆಯುವ ಕಲ್ಲು, ಬಟ್ಟೆ ಒಣಹಾಕುವ ಹಗ್ಗ. ಮಕ್ಕಳಿಬ್ಬರೂ ನಲ್ಲಿಯ ಹತ್ತಿರ ಮಂಡಿ ತೊಳೆಯುವ ನೆಪದಲ್ಲಿ ಒಬ್ಬರ ಮೇಲೊಬ್ಬರು ನೀರೆರಚುತ್ತಿದ್ದರು. ಹೆಂಡತಿ ಚರಂಡಿಯ ಕಲ್ಲಿಗೆ ಸಿಕ್ಕಿ ಹರಿದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ದಪ್ಪ ಸೂಜಿಗೆ ದಾರ ಪೋಣಿಸಿದಳು. ಅವನು ಎದುರಿಗೆ ಕೂತ.

"ಕೇಳಿದ್ಯಾ, ಅವಳು ಅಂದಿದ್ದನ್ನ?"

"ಕೇಳಿದೆ."

"ನಿಂಗೆ ಏನೂ ಅನ್ನಿಸ್ಲಿಲ್ವಾ?"

ಅವಳು ಸೂಜಿ ಚುಚ್ಚಿದಳು, ಎಳೆದಳು. "ಹೋದ ವರ್ಷ ಒಂದಿನ ಸಂಜೆ ಬಟ್ಟೆ ತಗೊಂಡು ಬಾ ಅಂತ ಹಿತ್ತಲಿಗೆ ಕಳಿಸಿದ್ದೆ. ಎಷ್ಟೊತ್ತಾದ್ರೂ ಬರ್ಲಿಲ್ಲ. ಹೋಗಿ ನೋಡಿದ್ರೆ ಹಗ್ಗ ಹಿಡ್ಕೊಂಡು ನಿಂತಿದಾಳೆ. ಬಟ್ಟೆ ಎಲ್ಲ ಹೆಗಲ ಮೇಲಿದೆ, ಮನೆ ಯಾವ ಕಡೆ ಅಂತ ಗೊತ್ತಿಲ್ಲ. ಅತ್ಲಾಗೆ ನೋಡ್ಕೊಂಡು ನಿಂತಿದಾಳೆ, ಬೇಲಿ ಕಡೆ."

"ಗೊತ್ತಿತ್ತಾ ನಿಂಗೆ? ಒಂದು ವರ್ಷದಿಂದ?"

"ಹ್ಞೂಂ."

"ಮತ್ತೆ ಪುಕ್ಕಲಿ ಅಂತ ಹೆಸರಿಟ್ಟೋಳು ನೀನೇ ಅಲ್ವಾ?"

"ಅವತ್ತೇ ಇಟ್ಟಿದ್ದು. ನೀವು ಒಳಗಿಂದ, ಯಾಕೆ ಬರ್ಲಿಲ್ಲ ಮಗು, ಏನಾಯ್ತು ಅಂತ ಕೂಗಿದ್ರಿ. ಬಾಯಿಗೆ ಬಂದಿದ್ದು ಹೇಳಿದೆ. ಪುಕ್ಕಲಿ ಕಣ್ರೀ ಅಂತ. ನೀವು ನಕ್ಕಿದ್ರಿ. ಕಣ್ಣು ಹೋಯ್ತು ಅಂತ ಗೊತ್ತಾದ ಮೇಲೆ ನೀವು ನಕ್ಕಿದ್ದು ಅವತ್ತೇ ಮೊದಲು."

"ಈ ರೇಡಿಯೊ ಆಟ..."

"ನಿಮಗೆ ಅಂದ್ಕೊಂಡಿದ್ರಾ? ನೀವು ಎಲ್ಲರಿಗಿಂತ ಹಿಂದೆ ಬರ್ತೀರಿ. ದೊಡ್ಡೋಳು ಅಲ್ಲಿ ಮುಂದೆ ಕೂಗೋದು ನನಗೇ ಅರ್ಧ ಕೇಳಿಸಲ್ಲ."

ಅವನಿಗೆ ತಾನು ಮೂರು ದಿನ ಪಟ್ಟ ಸುಖವೆಲ್ಲ ನಾಚಿಕೆಯಾಗಿ ತಿರುಗಿ ಬಂತು. ನಲ್ಲಿಯ ಕಡೆಯಿಂದ ಚಿಕ್ಕವಳ ನಗು ಕೇಳಿಸಿತು. ನಗುವಾಗ ಕೊನೆಯಲ್ಲಿ ಒಂದು ಸಣ್ಣ ಬಿಕ್ಕಳಿಕೆ ಬರುವುದು, ಅದೂ ಅವನ ತಾಯಿಯದೇ.

"ನಾನು ಕೊಟ್ಟೆ ಅವಳಿಗೆ," ಎಂದ.

"ಕೊಟ್ರಿ ಅಂದ್ರೆ? ಕರ್ದು ಕೈಯಾರೆ ಕೊಟ್ರಾ? ನಿಮ್ಮ ಮೊಂಡು ಮೂಗೂ ಕೊಟ್ಟಿದೀರಿ, ಅದಕ್ಕೆ ಪಂಚಾಯ್ತಿ ಸೇರಿಸಿದ್ವಾ?" ಅವಳ ದನಿ ಏರಿತು. ಮಕ್ಕಳ ಕಡೆ ನೋಡಿ ಇಳಿಸಿದಳು. "ಹಾಗೆಲ್ಲ ಮಾತಾಡ್ಬೇಡಿ. ನಂಗೆ ಆಗಲ್ಲ. ಒಬ್ಬರನ್ನ ಹಿಡ್ಕೊಂಡು ನಡ್ಸೋದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಈಗ ಇಬ್ರು. ನನ್ನ ಕೈ ಇರೋದೇ ಎರಡು. ಅತ್ತ್ರೆ ಕಣ್ಣು ಒರೆಸ್ಕೊಳ್ಳೋಕೆ ಮೂರನೇದು ಎಲ್ಲಿಂದ ತರ್ಲಿ?"

"ನಾಳೆ ವಾಪಸ್ ಹೋಗೋಣ. ಡಾಕ್ಟರಿಗೆ ತೋರಿಸೋಣ."

"ತೋರಿಸಿ? ಅವ್ರು ಯಂತ್ರದ ಮುಂದೆ ಕೂರಿಸಿ, ಅದಕ್ಕೊಂದು ಉದ್ದದ ಹೆಸರು ಬರೆದು ಚೀಟಿ ಕೊಡ್ತಾರೆ. ಮದ್ದು ಇದ್ರೆ ನಾನು ಒಂದು ವರ್ಷ ಬಾಯಿ ಮುಚ್ಕೊಂಡು ಇರ್ತಿದ್ನಾ? ಹೊತ್ಕೊಂಡು ಓಡ್ತಿದ್ದೆ." ಅವಳು ದಾರ ಕಚ್ಚಿ ಹರಿದಳು. "ಇನ್ನೂ ಆರು ದಿನ ಇದೆ. ಅವಳು ಕಂಡಷ್ಟು ಕಾಣ್ಲಿ."

ಚೀಲಕ್ಕೆ ಹೊಲಿಗೆ ಬಿದ್ದಿತ್ತು, ನೀರು ಜಿನುಗದ ಹಾಗೆ ಅವಳು ಅದರ ಮೇಲೆ ಮೇಣದ ತುಂಡು ಉಜ್ಜತೊಡಗಿದಳು. ಅವನು ಎದ್ದು ಡೇರೆಯ ಹಗ್ಗಗಳನ್ನು ಬಿಗಿ ಮಾಡಿದ. ಬಿಗಿಯಾಗಿದ್ದವನ್ನೂ ಬಿಚ್ಚಿ ಮತ್ತೆ ಬಿಗಿ ಮಾಡಿದ.

ಸಂಜೆಯ ಹೊತ್ತಿಗೆ ಬಯಲಿನಲ್ಲಿ ಬೇರೆ ಡೇರೆಗಳು ಎದ್ದವು. ಯಾರ್ಯಾರದೋ ಮಕ್ಕಳು ಏಳೆಂಟು ಜನ ಸೇರಿ ಬಿಳಿಯ ಚೆಂಡೊಂದನ್ನು ಒದೆಯುತ್ತ ಬಂದರು. ಒಂದು ಹುಡುಗಿ ಚಿಕ್ಕವಳ ಕೈ ಹಿಡಿದು ಎಳೆದುಕೊಂಡು ಹೋಯಿತು. ಭಾಷೆ ಬಾರದಿದ್ದರೇನು, ಎರಡು ನಿಮಿಷದಲ್ಲಿ ಅವಳ ಕೂಗು ಅವರ ಕೂಗಿನಲ್ಲಿ ಬೆರೆಯಿತು. ಮಂಡಿಗೆ ಕಟ್ಟಿದ ಬಟ್ಟೆ ಜಾರಿದರೂ ಓಡುತ್ತಿದ್ದಳು. ಎರಡು ಸಲ ಚೆಂಡನ್ನು ಚಪ್ಪಲಿಗಳ ನಡುವಿನ ಗೋಲಿಗೆ ಹೊಡೆದಳು. ದೊಡ್ಡವಳು ನೀರಿನ ಹತ್ತಿರ ಕೂತು ಅಮ್ಮನ ಜೊತೆ ಪಾತ್ರೆ ತಿಕ್ಕುತ್ತಿದ್ದಳು. ಅವನು ಡೇರೆಯ ಮುಂದೆ ಕೂತು, ಕೊಳವೆಯೊಳಗೆ ಮಗಳನ್ನು ಇಟ್ಟುಕೊಂಡು ನೋಡುತ್ತಿದ್ದ. ಅವಳು ಕೊಳವೆಯಿಂದ ಹೊರಗೆ ಓಡುವಳು, ಅವನು ತಲೆ ತಿರುಗಿಸಿ ಹುಡುಕುವನು, ಮತ್ತೆ ಸಿಗುವಳು.

ಬಿಸಿಲು ಮರದ ತುದಿಗೆ ಹೋಯಿತು, ಅಲ್ಲಿಂದಲೂ ಹೋಯಿತು. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಹಗ್ಗದ ಮೇಲಿನ ಬಟ್ಟೆಗಳ ಬಣ್ಣ ಗುರುತು ಹಿಡಿಯುವಷ್ಟಿತ್ತು. ತನ್ನ ಹೊತ್ತು ಬರಲು ಇನ್ನೂ ಸ್ವಲ್ಪ ಇದೆ ಎಂದು ಅವನು ಲೆಕ್ಕ ಹಾಕಿದ. ಒಂದೂವರೆ ವರ್ಷದಿಂದ ಆ ಹೊತ್ತನ್ನು ಅವನು ಗಡಿಯಾರಕ್ಕಿಂತ ಚೆನ್ನಾಗಿ ಬಲ್ಲವನಾಗಿದ್ದ.

ಆಗಲೇ ಮಗಳು ಓಡುವುದನ್ನು ನಿಲ್ಲಿಸಿದ್ದನ್ನು ಕಂಡ.

ಚೆಂಡು ಅವಳ ಮುಂದೆಯೇ, ಎರಡು ಮಾರು ದೂರದಲ್ಲಿ ಹುಲ್ಲಿನ ಮೇಲೆ ಬಿದ್ದಿತ್ತು. ಅವನಿಗೆ ಕಾಣುತ್ತಿತ್ತು. ಬೆಳ್ಳಗೆ, ಸ್ಪಷ್ಟವಾಗಿ ಕಾಣುತ್ತಿತ್ತು. ಉಳಿದ ಮಕ್ಕಳು ಒದೆ ಒದೆ ಎಂದು ತಮ್ಮ ಭಾಷೆಯಲ್ಲಿ ಕಿರುಚುತ್ತಿದ್ದರು. ಅವಳು ನಗುತ್ತಲೇ ಒಂದು ಪಾದವನ್ನು ನೆಲದ ಮೇಲೆ ಸವರಿದಳು, ಎಡಕ್ಕೆ, ಆಮೇಲೆ ಬಲಕ್ಕೆ. ನಗುವನ್ನು ಮಾತ್ರ ಬಿಡಲಿಲ್ಲ. ಗೊತ್ತಾಗದಂತೆ ಇರುವುದು ಹೇಗೆಂದು ಅವಳು ಯಾವತ್ತೋ ಕಲಿತಿದ್ದಳು.

ನಲವತ್ತು ದಾಟಿದ ತನ್ನ ಕಣ್ಣಿಗೆ ಇನ್ನೂ ಇರುವ ಬೆಳಕು ಎಂಟು ವರ್ಷದ ಆ ಕಣ್ಣಿಗೆ ಆಗಲೇ ಮುಗಿದಿತ್ತು. ತನ್ನದು ಇಷ್ಟು ಬೇಗ ಬಂದಿರಲಿಲ್ಲ. ಅವಳ ವಯಸ್ಸಿನಲ್ಲಿ ತಾನು ಮಬ್ಬುಗತ್ತಲಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ. ಅವಳಿಗೆ ಲಾರಿ ಓಡಿಸುವಷ್ಟು ವರ್ಷವೂ ಇಲ್ಲ.

ಅವನು ಎದ್ದ. ಮಕ್ಕಳು ಚೆಂಡನ್ನು ಎತ್ತಿಕೊಂಡು ಇನ್ನೊಂದು ಕಡೆಗೆ ಓಡಿದ್ದರು. ಅವಳು ಅಲ್ಲೇ, ನಿಂತ ಜಾಗದಲ್ಲೇ ನಿಂತಿದ್ದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸುಮ್ಮನೆ ಗಾಳಿಗೆ ನಿಂತವಳ ಹಾಗೆ. ಅವನು ಹುಲ್ಲಿನ ಮೇಲೆ ನಡೆದು ಹೋಗಿ ಅವಳ ಎದುರಿಗೆ ನಿಂತ. ನಾಲ್ಕು ಮೊಳ ದೂರ. ಅವಳ ಹಣೆಗೆ ಅಂಟಿದ ಕೂದಲು, ಗದ್ದದ ಮೇಲಿನ ಮಣ್ಣು ಅವನಿಗೆ ಕಾಣುತ್ತಿದ್ದವು.

ಹೆಜ್ಜೆ ಸದ್ದು ನಿಂತ ಕಡೆಗೆ ಅವಳು ಮುಖ ಎತ್ತಿದಳು. ಕಣ್ಣು ಅವನ ಹೆಗಲ ಪಕ್ಕದಲ್ಲಿ ಎಲ್ಲೋ ನಿಂತವು.

"ಯಾರು?" ಎಂದು ಮೆಲ್ಲಗೆ ಕೇಳಿದಳು.